ಅವ್ವ ಮುಟ್ಟದ ತಾಟು

“ಕೈ ತೆಗೀರಿ! ನಮ್ಮ ಅವ್ವಗ ಏನ್ ತಿನಸಾಕತ್ತೀರಿ?”

ನಾಗಪುರದ ಇತವಾರಿಯ ಧಾನ್ಯದ ಬಜಾರಿನಲ್ಲಿ, ಕೈಗಾಡಿ ಟೆಂಪೋಗಳ ಗದ್ದಲದ ನಡುವೆ ರಚನಾ ಕಿರುಚಿದ ರೀತಿಗೆ ಮೂಟೆ ಹೊರುತ್ತಿದ್ದವರೂ ನಿಂತು ನೋಡಿದರು. ಗಾಬರಿಯಲ್ಲಿ ಅವಳಿಗೆ ಹಿಂದಿ, ಮರಾಠಿ ಎರಡೂ ಮರೆತು ಕನ್ನಡವೇ ಬಾಯಿಗೆ ಬಂದಿತ್ತು.

ಅವ್ವ ಅನಸೂಯಾ ಕಡಲೆ ಮೂಟೆಯ ಮೇಲೆ ಆರಾಮಾಗಿ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಅಪರಿಚಿತ ಯುವಕ. ನಡುವೆ ಶೇಂಗಾದ ಪೊಟ್ಟಣ.

“ನಾನು ತಿನ್ನಿಸ್ತಾ ಇಲ್ಲ ಮೇಡಂ. ಅವರೇ ನನಗೆ ತಿನ್ನಿಸ್ತಾ ಇದಾರೆ,” ಎಂದ ಅವನು. ಕನ್ನಡದಲ್ಲೇ!

ರಚನಾಳ ಸಿಟ್ಟು ಅರ್ಧಕ್ಕೇ ನಿಂತಿತು. ನಾಗಪುರದ ಈ ಸಂತೆಯಲ್ಲಿ ಕನ್ನಡ? ಅದೂ ಮೈಸೂರು ಕಡೆಯ ಮೆತ್ತನೆ ಕನ್ನಡ?

ಬೆಳಿಗ್ಗೆ ಅವಳು ಬುಟಿಬೋರಿಯ ಕಾರ್ಖಾನೆಗೆ ಹೋದ ಮೇಲೆ ಅವ್ವ ಮನೆಯಿಂದ ಹೊರಬಿದ್ದಿದ್ದಳು. ಅಪ್ಪನಿಗೆ ಪರಿಚಯವಿದ್ದ ಅಂಗಡಿಯ ಸೇಠ ಗುರುತು ಹಿಡಿದು ಫೋನ್ ಮಾಡಿದ್ದ. ಅಲ್ಲಿಂದ ಇಲ್ಲಿಯವರೆಗೆ ರಚನಾ ಉಸಿರು ಬಿಟ್ಟಿದ್ದಳೋ ಇಲ್ಲವೋ, ಅವಳಿಗೇ ನೆನಪಿಲ್ಲ.

“ನಾ ಸಿಪ್ಪಿ ಇರೂದಷ್ಟ ತಿನ್ನತೀನಿ, ತಮ್ಮಾ,” ಅವ್ವ ಅವನಿಗೆ ಹೇಳುತ್ತಿದ್ದಳು. “ಶೇಂಗಾ, ಬಾಳೆಹಣ್ಣು, ಸಂತ್ರಾ. ಸಿಪ್ಪಿ ಒಳಗ ಯಾರಿಗೂ ಏನೂ ಹಾಕಾಕ ಬರೂದಿಲ್ಲ. ಮನ್ಯಾಗ ನನ್ನ ಊಟದಾಗ ಏನೋ ಹಾಕ್ತಾರ.”

“ಯಾರು ಹಾಕ್ತಾರೆ, ಆಂಟಿ?”

ಅವ್ವ ಬೆರಳು ಎತ್ತಿ ಮಗಳನ್ನು ತೋರಿಸಿದಳು.

“ಅವ್ವಾ!” ರಚನಾಳ ಮುಖ ಕೆಂಪಾಯಿತು. “ಅದು ಅಕಿ ಮಾತಲ್ಲರೀ... ಬ್ಯಾನಿ ಮಾತು. ನಡಿ, ಮನಿಗೆ ಹೋಗೂಣು.”

ಹಾಗೆಂದವಳು ಅವನ ಕಣ್ಣು ತಪ್ಪಿಸಿದಳು. ಅವನು ಏನೂ ಕೇಳದೆ ತನ್ನ ನಂಬರು ಕೊಟ್ಟ. ಹೆಸರು ಅಶ್ವಿನ್. ಕೊಡಗಿನವನು. ಅಪ್ಪ ಏರ್‌ಫೋರ್ಸಿನಿಂದ ನಿವೃತ್ತರಾಗಿ ಊರಿಗೆ ಹೋದರೂ ಮಗ ನಾಗಪುರದಲ್ಲೇ ಉಳಿದು, ಮನೋರೋಗಿಗಳಿಗೆ ನೆರವಾಗುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದ.

“ಇಲ್ಲೇ ಧರ್ಮಶಾಲೆಯ ಕೋಣೆಯಲ್ಲಿ ವಾರಕ್ಕೊಮ್ಮೆ ನಮ್ಮ ಡಾಕ್ಟರು ಕೂರ್ತಾರೆ. ಇಂಥ ಕಾಯಿಲೆ ಇರೋರು ದೂರದ ಆಸ್ಪತ್ರೆಗೆ ಅಲೆಯೋದು ಬೇಡ ಅಂತ. ಬರೋಕಾಗದವರ ಮನೆಗೆ ನಾವೇ ಹೋಗ್ತೀವಿ. ಬೇಕಾದಾಗ ಫೋನ್ ಮಾಡಿ.”

ಈಗ ನಿಮಗೊಂದು ಮಾತು ಹೇಳಿಬಿಡುತ್ತೇನೆ, ಮುಚ್ಚಿಡುವುದು ನನ್ನಿಂದ ಆಗದು. ಅವ್ವ ಹೇಳಿದ್ದು ನಿಜವಾಗಿತ್ತು!

ಅನಸೂಯಾಳಿಗೆ ಇದ್ದದ್ದು ಸ್ಕಿಜೋಫ್ರೇನಿಯಾ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ, ಗೋಡೆಯಾಚೆ ಯಾರೋ ಹೊಂಚು ಹಾಕುತ್ತಾರೆ ಎನ್ನುವಳು. ಗುಳಿಗೆ ಕೊಟ್ಟರೆ ಉಗುಳುವಳು. ಆರ್ಡ್ನನ್ಸ್ ಫ್ಯಾಕ್ಟರಿಯ ನೌಕರಿಗೆಂದು ಗದಗಿನಿಂದ ಬಂದ ಅಪ್ಪ ಮಲ್ಲೇಶಪ್ಪ, ಸೋತು ಸೋತು ಒಂದು ದಾರಿ ಹುಡುಕಿದ್ದ. ಗುಳಿಗೆ ಪುಡಿ ಮಾಡಿ ಹೆಂಡತಿಯ ಸಾರಿನಲ್ಲಿ ಕಲಸುವುದು. ಆಸ್ಪತ್ರೆಗೆ ಅವನೊಬ್ಬನೇ ಹೋಗುವನು, ಹೆಂಡತಿ ಹೇಗಿದ್ದಾಳೆಂದು ಹೇಳುವನು, ಚೀಟಿ ಬರೆಸಿಕೊಂಡು ಬರುವನು. ಡಾಕ್ಟರು ಅನಸೂಯಾಳ ಮುಖ ನೋಡಿ ವರ್ಷಗಳೇ ಆಗಿದ್ದವು.

ಸಾಯುವ ಮುಂಚೆ ಅಪ್ಪ ಮಗಳಿಗೆ ಈ ವಿದ್ಯೆಯನ್ನೂ ಒಪ್ಪಿಸಿಹೋದ.

ತಪ್ಪೋ ಸರಿಯೋ ಯೋಚಿಸಲು ರಚನಾಳಿಗೆ ಪುರಸೊತ್ತೆಲ್ಲಿ? ಬೆಳಿಗ್ಗೆ ಎದ್ದು ಕಲಸು, ಬಸ್ಸು ಹಿಡಿ, ಸಂಜೆ ಓಡಿ ಬಾ, ಮತ್ತೆ ಕಲಸು. ಕದದ ಸದ್ದಾದರೆ ಎದ್ದು ನೋಡುವುದು, ಫೋನ್ ಬಂದರೆ ಕೆಲಸ ಬಿಟ್ಟು ಓಡುವುದು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಈಗ ಅವ್ವ ಮನೆಯ ತಾಟನ್ನೇ ಮುಟ್ಟುತ್ತಿರಲಿಲ್ಲ. ಊಟವಿಲ್ಲ, ಗುಳಿಗೆಯೂ ಇಲ್ಲ. ಅವ್ವನ ಕುಬಸ ಸಡಿಲಾಗುತ್ತಿತ್ತು, ಕಿವಿಯೊಳಗಿನ ಮಾತು ಜೋರಾಗುತ್ತಿತ್ತು.

*ಅವ್ವ ಹಿಂಗ ಕರಗಿ ಹೋದ್ರ... ನನಗ ಯಾರದಾರ?*

ರಚನಾ ಆ ನಂಬರಿಗೆ ಫೋನ್ ಮಾಡಿದಳು.

ಅಶ್ವಿನ್ ಪ್ರತಿ ಗುರುವಾರ ಸಂಜೆ ವಾಡಿ ಬಡಾವಣೆಯ ಅವರ ಬಾಡಿಗೆ ಮನೆಗೆ ಬರತೊಡಗಿದ. ಜೊತೆಗೆ ಕಾಮ್ಠಿಯ ಮಿಲಿಟರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸ್ ದೇಚಮ್ಮ. ಅವನು ಬಂದವನೇ ಅವ್ವನ ಎದುರು ನೆಲದ ಮೇಲೆ ಕೂರುತ್ತಿದ್ದ. ‘ಪೇಶಂಟ್ ಹೇಗಿದಾರೆ?’ ಎಂದು ರಚನಾಳನ್ನು ಒಮ್ಮೆಯೂ ಕೇಳಲಿಲ್ಲ. ಅವ್ವನನ್ನೇ ಕೇಳುತ್ತಿದ್ದ. ಅವ್ವ ಗದಗಿನ ಸುದ್ದಿ ಹೇಳುವಳು, ಅವನ ಕನ್ನಡವನ್ನು ಅಣಕಿಸುವಳು.

“ಏನ್ ತಮ್ಮಾ, ಬಾಯಾಗ ಬೆಣ್ಣಿ ಇಟ್ಕೊಂಡ್ ಮಾತಾಡ್ತಿ?”

ರಚನಾ ನಕ್ಕುಬಿಟ್ಟಳು. ನಕ್ಕು ಎಷ್ಟು ಕಾಲವಾಗಿತ್ತು! ಅವನು ತಲೆಯೆತ್ತಿ ನೋಡಿದ. ನೋಡಿದವನು ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದ. ದೇಚಮ್ಮ ಬಿ.ಪಿ. ಯಂತ್ರದ ಹಿಂದಿನಿಂದ ಇದನ್ನು ಗಮನಿಸಿದರು.

ಆಮೇಲೆ ಕಾರ್ಖಾನೆಯಲ್ಲಿ ಗುರುವಾರ ಬಂದರೆ ಸಾಕು, ನಮ್ಮ ಹುಡುಗಿಯ ಕಣ್ಣು ಗಡಿಯಾರದ ಮೇಲೆಯೇ. ಅವ್ವನಿಗೋಸ್ಕರ ಅಂತ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಲಿ ಬಿಡಿ, ಯಾರು ನಂಬುತ್ತಾರೆ?

ಒಂದು ಗುರುವಾರ ಅವನನ್ನು ಮೆಟ್ಟಿಲ ಹತ್ತಿರ ತಡೆದಳು.

“ನೀವು ಸಂತ್ರಾ ತಂದ್ರ ಅವ್ವ ತಿನ್ನತಾಳ. ನಿಮ್ಮ ಮ್ಯಾಲೆ ನಂಬಿಗಿ ಐತಿ. ನೀವು... ಪೇಡಾ ತರ್ರಿ. ಅದರಾಗ ಗುಳಿಗಿ ಪುಡಿ ಹಾಕಿ ಕೊಡ್ರಿ. ನಾ ಮೊದ್ಲಿಂದ ಹಂಗ ಮಾಡ್ತಿದ್ದೆ.”

ಅವನ ಮುಖದ ಬಣ್ಣ ಇಳಿಯಿತು. “ಅಂದ್ರೆ ಆಂಟಿ ಹೇಳ್ತಿದ್ದದ್ದು...”

“ಹೌದು! ಖರೇ! ಏನ್ ಮಾಡ್ಲಿ ನಾನು? ಸಾಯಾಕ ಬಿಡ್ಲೇನು?”

“ರಚನಾ, ಅವರಿಗೆ ಏನು ಕೊಡ್ತಿದೀವಿ ಅಂತ ಅವರಿಗೇ ಹೇಳಬೇಕು. ಅವರು ಸರಿಯಾಗಿ ಹಿಡಿದಿದ್ದಾರೆ. ನೀವು ಅದನ್ನ ಕಾಯಿಲೆ ಅಂದಿರಿ!”

“ವಾರಕ್ಕೊಮ್ಮೆ ಬಂದು ಹೋಗೋ ನಿಮಗ ಏನ್ ಗೊತ್ತು? ಅಕಿ ಬಾಗಿಲಾ ಹಾಕ್ಕೊಂಡು ಒದರೂದು ಕೇಳೀರಿ? ನಾ ಕೇಳೇನಿ!”

“ನನಗೆ ಗೊತ್ತಿಲ್ಲ, ಒಪ್ತೀನಿ,” ಎಂದ ಅವನು. “ಆದರೆ ನಾನು ಕಲಸಿ ಕೊಡಲ್ಲ. ಅವರಿಗೆ ಹೇಳೋದೂ ಇಲ್ಲ. ಅದನ್ನ ನೀವೇ ಹೇಳಬೇಕು. ಹೇಳುವಾಗ ದೇಚಮ್ಮ ಜೊತೆಗಿರ್ತಾರೆ.”

ಮುಂದಿನ ಗುರುವಾರ ದೇಚಮ್ಮ ಒಬ್ಬರೇ ಬಂದರು. “ಇನ್ನು ಈ ಮನೆಗೆ ನಾನೇ ಬರೋದು,” ಎಂದರು, ಅಷ್ಟೇ. ಅದರ ಮುಂದಿನ ವಾರವೂ ಅವರೊಬ್ಬರೇ.

*ಅಸಹ್ಯ ಆತು ಅವರಿಗೆ. ಹೆತ್ತ ಅವ್ವಗ ವಿಷ ಹಾಕೋ ಮಗಳು ಅಂದ್ಕೊಂಡ್ರು. ಹೋಗಲಿ! ಅವರು ಬೇಕಾಗಿಲ್ಲ ನಂಗ...*

ಹಾಗಂದುಕೊಂಡೇ ಫೋನಿನಲ್ಲಿ ಅವನ ಹೆಸರು ತೆಗೆಯುವಳು, ಮುಚ್ಚುವಳು, ಮತ್ತೆ ತೆಗೆಯುವಳು.

ಆ ಭಾನುವಾರ ಅವ್ವನಿಗೆ ತಲೆಸುತ್ತು ಬಂತು. ರಚನಾ ಓಡಿಹೋಗಿ ಹಿಡಿದು ಕೂರಿಸಿ ನೀರು ತಂದಳು. ಬರೀ ನೀರು. ಅವ್ವ ಲೋಟ ನೋಡಿದಳು, ಮಗಳ ಮುಖ ನೋಡಿದಳು, ಕೂತಲ್ಲೇ ಹಿಂದೆ ಸರಿದು ಗೋಡೆಗೆ ಒತ್ತಿ ಕೂತಳು.

“ಬ್ಯಾಡವ್ವಾ... ನಿನ್ನ ಕಾಲಿಗೆ ಬೀಳ್ತೀನಿ... ಬ್ಯಾಡ.”

ಹೆತ್ತ ತಾಯಿ ತನ್ನ ಕೈಗೆ ಹೆದರುತ್ತಿದ್ದಾಳೆ! ರಚನಾ ಲೋಟ ಕೆಳಗಿಟ್ಟು ದೇಚಮ್ಮನಿಗೆ ಫೋನ್ ಮಾಡಿದಳು. ಅವರು ಆಟೋದಲ್ಲಿ ಬಂದರು, ಅವ್ವನಿಗೆ ಎಳನೀರು ಎದುರಿಗೇ ಕೊಚ್ಚಿಸಿ ಕುಡಿಸಿದರು, ಆಮೇಲೆ ಬಾಗಿಲ ಹತ್ತಿರ ಸುಮ್ಮನೆ ಕೂತರು.

“ಅವ್ವಾ,” ರಚನಾ ಅಷ್ಟು ದೂರದಿಂದಲೇ ಹೇಳಿದಳು. “ನಿನ್ನ ಊಟದಾಗ ನಾ ಗುಳಿಗಿ ಹಾಕ್ತಿದ್ದೆ. ವಿಷ ಅಲ್ಲ, ಔಷಧ. ಅಪ್ಪನೂ ಹಾಕ್ತಿದ್ದ. ನೀ ಕೇಳಿದಾಗೆಲ್ಲಾ ನಾ ಸುಳ್ಳ ಹೇಳೇನಿ.”

ಅವ್ವ ಗೋಡೆ ಬಿಟ್ಟು ಮುಂದೆ ಬಾಗಿದಳು.

“ಅಂದ್ರ... ನನ್ನ ನಾಲಿಗಿ ಸುಳ್ಳ ಹೇಳಿರಲಿಲ್ಲ?”

“ಇಲ್ಲವ್ವಾ.”

“ಕಿವ್ಯಾಗ ಕೇಳೂದು ಸುಳ್ಳ ಅಂದ್ರಿ. ಗ್ವಾಡಿ ಆಚಿ ಮಂದಿ ಸುಳ್ಳ ಅಂದ್ರಿ. ಇದನ್ನೂ ಸುಳ್ಳ ಅಂದ್ರಿ! ಖರೇ ಯಾವುದು, ಸುಳ್ಳ ಯಾವುದು ಅಂತ ನಾ ಹೆಂಗ ತಿಳಕೋಬೇಕಿತ್ತು, ಹೇಳು!”

ಅವ್ವ ಎದ್ದು ಅಡಿಗೆಮನೆಗೆ ಹೋಗಿ ಇದ್ದಬದ್ದ ಸಾರು, ಹಿಟ್ಟು ಎಲ್ಲ ಚೆಲ್ಲಿದಳು. ಪಾತ್ರೆ ಎಸೆದಳು. “ಇನ್ ಈ ಹೊಸ್ತಿಲಾ ದಾಟಿದ್ರ ನೋಡು!” ಎಂದು ಗುಡುಗಿದಳು. ಅಂದು ರಾತ್ರಿ ಅವ್ವ ತಾನೇ ಅಂಗಡಿಯಿಂದ ಹೊಸ ಹಿಟ್ಟು ತಂದು ನಾದಿ ರೊಟ್ಟಿ ಬಡಿದಳು, ಹೊಟ್ಟೆ ತುಂಬ ಉಂಡಳು. ಮಗಳಿಗೂ ಎರಡು ರೊಟ್ಟಿ ಎತ್ತಿ ಹಾಕಿದಳು.

ಮುಂದಿನ ಗುರುವಾರ ಅವ್ವನೇ ದೇಚಮ್ಮನನ್ನು ಕೇಳಿದಳು: “ಆ ಗುಳಿಗಿ ತೋರಸ್ರಿ. ಏನ್ ಮಾಡತೈತಿ ಅದು?”

ಕೈ ನಡುಗುವುದು, ಮಧ್ಯಾಹ್ನವೆಲ್ಲ ಮಂಪರು, ಬಾಯಿ ಒಣಗುವುದು. ಇಷ್ಟು ವರ್ಷ ಯಾರೂ ಕೇಳದ ದೂರುಗಳನ್ನೆಲ್ಲ ಅವ್ವ ಇತವಾರಿಯ ಧರ್ಮಶಾಲೆಯಲ್ಲಿ ಡಾಕ್ಟರ ಎದುರು ಕೂತು ತಾನೇ ಹೇಳಿದಳು. ಡಾಕ್ಟರು ಔಷಧ ಬದಲಿಸಿದರು. ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಕೆಲವು ದಿನ ಅವ್ವ ಗುಳಿಗೆ ಬೇಡ ಎನ್ನುವಳು, ಆಗ ದೇಚಮ್ಮ ಬಂದು ಮಾತಾಡುವರು. ಆದರೆ ಕುಬಸ ಮತ್ತೆ ಮೈಗೆ ಹತ್ತಿತು. ಮಗಳು ಮಾತ್ರ ಅಡಿಗೆಮನೆಯ ಹೊಸ್ತಿಲಾಚೆಯೇ.

ಒಂದು ದಿನ ರಚನಾ ತಡೆಯಲಾರದೆ ಕೇಳಿದಳು. “ಸಿಸ್ಟರ್... ಅವರಿಗೆ ಇನ್ನೂ ನನ್ನ ಮ್ಯಾಲೆ ಸಿಟ್ಟೇನ್ರಿ?”

ದೇಚಮ್ಮ ಕನ್ನಡಕ ತೆಗೆದು ನೋಡಿದರು. “ಸಿಟ್ಟಾ? ಅಯ್ಯೋ ಮಗು! ನಾವು ನೋಡ್ಕೊಳ್ಳೋ ಮನೆಯವರ ಮೇಲೆ ಮನಸ್ಸಾದರೆ ಆ ಮನೆ ಬಿಟ್ಟುಕೊಡಬೇಕು ಅಂತ ನಮ್ಮಲ್ಲಿ ನಿಯಮ. ಅವನಾಗಿ ಬಂದು ಹೇಳಿ ಬಿಟ್ಟುಕೊಟ್ಟ.”

“ಮನಸ್ಸು...?”

“ನಿನಗೆ ಹೇಳೋಕೆ ಧೈರ್ಯ ಇಲ್ಲ, ಪಾಪ. ಅವನು ಹೇಳೋವರೆಗೂ ಕಾಯೋಣ ಅಂದ್ರೆ ನನಗೂ ವಯಸ್ಸಾಯ್ತು.”

ರಚನಾ ಚಪ್ಪಲಿ ಮೆಟ್ಟಿದ್ದೊಂದು ಗೊತ್ತು. ಶೇರ್ ಆಟೋ ಸಿಗ್ನಲ್ಲಿನಲ್ಲಿ ನಿಂತರೆ ಇವಳ ಕಾಲು ಕುಣಿಯುತ್ತಿತ್ತು. “ಭೈಯ್ಯಾ, ಜಲ್ದಿ!” ಧರ್ಮಶಾಲೆಯ ಕೋಣೆಯಲ್ಲಿ ಅಶ್ವಿನ್ ಕುರ್ಚಿಗಳನ್ನು ಮಡಚಿಡುತ್ತಿದ್ದ.

“ನನಗ ಖರೇ ಹೇಳು ಅಂತ ಉಪದೇಶ ಮಾಡಿದ್ರಿ. ನೀವು ಮುಚ್ಚಿಟ್ರಿ!”

ಅವನ ಕೈಯಿಂದ ಕುರ್ಚಿ ಜಾರಿತು. “ರಚನಾ...”

“ನಾ ರಾಕ್ಷಸಿ, ನಿಮಗ ಅಸಹ್ಯ ಆಗೇನಿ ಅಂತ ದಿನಾ ಅತ್ತೀನಿ, ಗೊತ್ತೇನು?”

“ಅಸಹ್ಯವಾ? ನಿಮ್ಮ ಮೇಲಾ?” ಅವನ ಕಣ್ಣು ತುಂಬಿತು. “ಆವತ್ತು ಜಗಳ ಆಡಿ ಬಂದ ಮೇಲೆ ನಿದ್ದೆ ಬರಲಿಲ್ಲ. ಆಂಟಿ ಬಗ್ಗೆ ಯೋಚಿಸಬೇಕಾದವನು ನಿಮ್ಮ ಬಗ್ಗೆ ಯೋಚಿಸ್ತಿದ್ದೆ. ಅದು ತಪ್ಪು ಅನ್ನಿಸ್ತು, ಬಿಟ್ಟುಕೊಟ್ಟೆ. ಕಾರಣ ಹೇಳಿದ್ರೆ, ಸಹಾಯಕ್ಕೆ ಬಂದವನು ಅದನ್ನೇ ನೆಪ ಮಾಡ್ಕೊಂಡ ಅಂದ್ಕೋತೀರಿ ಅಂತ ಹೆದರಿದೆ. ನಾನು ನಿಮ್ಮನ್ನ ಪ್ರೀತಿಸ್ತೀನಿ, ರಚನಾ.”

ಇವಳು ಕಣ್ಣೊರೆಸಿಕೊಂಡಳು. “ಮನಿಗೆ ಬರ್ರಿ. ಅವ್ವಗ ಗೊತ್ತಿಲ್ಲದ ಯಾವುದೂ ನಂಗ ಇನ್ ಬ್ಯಾಡ.”

ಭಾನುವಾರ ಅವನು ಬಂದ. ಅವ್ವ ಬಾಗಿಲಲ್ಲೇ ನಿಲ್ಲಿಸಿದಳು.

“ಡ್ಯೂಟಿ ಮ್ಯಾಲೆ ಬಂದಿ, ಹಂಗ ಬಂದಿ?”

“ಹಂಗ ಬಂದೆ, ಆಂಟಿ. ರಚನಾನ ಕೇಳೋಕೆ ಬಂದೆ. ಮೊದಲು ನಿಮ್ಮನ್ನ.”

ಅವ್ವ ಅವನನ್ನು ಅಳೆದು ನೋಡಿದಳು. ಮಗಳನ್ನೂ ನೋಡಿದಳು. ಆಮೇಲೆ ಚಾಪೆಯ ಮೇಲೆ ಕೂತು ಕಾಲು ಚಾಚಿದಳು.

“ರಚ್ಚು, ಚಹಾ ಮಾಡು. ನಂಗೂ.”

ರಚನಾ ನಿಂತಲ್ಲೇ ನಿಂತಳು. “ಅವ್ವಾ... ನಾನಾ?”

“ಮತ್ಯಾರು? ನನ್ನ ಕಾಲು ನೋಯಾಕತ್ತಾವ.”

ರಚನಾ ಹೊಸ್ತಿಲು ದಾಟಿ ಒಲೆ ಹಚ್ಚಿದಳು. ನೋಡಬೇಕೆಂದರೆ ಅವ್ವ ನೋಡಬಹುದಿತ್ತು. ಆದರೆ ಅಡಿಗೆಮನೆಗೆ ಬೆನ್ನು ಹಾಕಿ ಅಶ್ವಿನ್‌ನ ಜೊತೆ ಹರಟುತ್ತಿದ್ದಳು. ಕಪ್ಪು ಕೈಗೆ ಬಂದಾಗ ಮೂಸಲಿಲ್ಲ, ಒಂದೇ ಸಮನೆ ಅರ್ಧ ಕುಡಿದಳು.

“ಸಕ್ಕರಿ ಕಮ್ಮಿ ಆಗೇತಿ,” ಎಂದಳು.

ರಚನಾ ಸೆರಗು ಬಾಯಿಗೊತ್ತಿಕೊಂಡು ಮೆಟ್ಟಿಲಿಗೆ ಓಡಿದಳು. ಅಶ್ವಿನ್ ತನ್ನ ಕಪ್ಪು ಹಿಡಿದು ಹಿಂದೆಯೇ ಬಂದು ಪಕ್ಕದಲ್ಲಿ ಕೂತ. ಅವಳ ಅಳು ನಿಲ್ಲುವವರೆಗೂ ಕಾದ.

“ನಾನೂ ಕುಡೀಲಾ?”

“ಏನ್ ಹಾಕೀನಿ ಅಂತ ಕೇಳೂದಿಲ್ಲೇನು?”

“ಕೇಳ್ತೀನಿ. ಏನಿದೆ?”

“ಹಾಲು, ಚಹಾಪುಡಿ, ಶುಂಠಿ, ಕಮ್ಮಿ ಸಕ್ಕರಿ.”

“ಅಷ್ಟೇನಾ?”

“ಅಷ್ಟ. ಉಳದದ್ದು ಬಾಯಿ ಬಿಟ್ಟ ಹೇಳತೀನಿ, ಕೇಳು...” ಅವಳು ಮೊದಲ ಬಾರಿ ಅವನನ್ನು ಏಕವಚನದಲ್ಲಿ ಕರೆದಿದ್ದಳು. “ನೀ ಅಂದ್ರ ನಂಗ ಭಾಳ ಪ್ರೀತಿ, ಅಶ್ವಿನ್.”