ತೊಂಬತ್ತೇಳು ಪಾಯಿಂಟ್ ಆರು

ಏಪ್ರಿಲ್ ಆರು, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರು ಹತ್ತು ನಲವತ್ತೆರಡಕ್ಕೆ ಅಳಿಸಿಹೋಯಿತು.

ತಪ್ಪು ದಫೇದಾರನದು. ಹೊಸ ವೈರಸ್ಸಿನ ಸುದ್ದಿ ಹಬ್ಬಿದಾಗಿನಿಂದ ಠಾಣೆಯಲ್ಲಿ ಯಾರೂ ಕಾಗದವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಟ್ರೇ ಇತ್ತು. ದೂರು ತಂದವರು ಅದರಲ್ಲಿ ಕಾಗದ ಇಟ್ಟು ಮೂರು ಹೆಜ್ಜೆ ಹಿಂದೆ ಸರಿಯಬೇಕು, ದಫೇದಾರ ಉಸಿರು ಬಿಗಿಹಿಡಿದು ಸ್ಯಾನಿಟೈಸರ್ ಸಿಂಪಡಿಸಬೇಕು. ಆ ದಿನ ಕೈ ಸ್ವಲ್ಪ ಧಾರಾಳವಾಯಿತು. ಇಂಕ್ ಪೆನ್ನಿನಲ್ಲಿ ಬರೆದಿದ್ದ ಒಂದೂವರೆ ಪುಟ ಕಣ್ಣೆದುರಿಗೇ ನೀಲಿ ನೀರಾಗಿ ಟ್ರೇಯ ಮೂಲೆಗೆ ಹರಿಯಿತು.

"ಸಾರ್, ದೂರು ದೂರವಾಯ್ತು," ಎಂದ ದಫೇದಾರ.

ಯಾರೂ ನಗಲಿಲ್ಲ. ಮೂರು ಹೆಜ್ಜೆ ಹಿಂದೆ ನಿಂತಿದ್ದ ಹೆಂಗಸು ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ ಬಂದಿದ್ದಳು. ಇನ್ಸ್‌ಪೆಕ್ಟರ್ ತಮ್ಮ ಬಾಲ್ ಪೆನ್ ಕೊಟ್ಟು ಮತ್ತೊಮ್ಮೆ ಬರೆಯಲು ಹೇಳಿದರು. ಎರಡನೆಯ ಸಲದ ದೂರು ಐದೇ ಸಾಲಾಯಿತು.

"ಯಾರ ಮೇಲಮ್ಮ ದೂರು?"

"ಮಿಷನ್ ಮೇಲೆ ಸಾರ್."

"ಯಾವ ಮಿಷನ್?"

"ನಮ್ಮಮ್ಮನ ಫ್ಯಾಕ್ಟರಿ ಗೇಟಲ್ಲಿ ಜ್ವರ ನೋಡೋ ಗನ್ ಇಟ್ಟಿದ್ರಲ್ಲ, ಅದರ ಮೇಲೆ."

"ಗನ್ ಕೇಸು ಅಂತ ಬರ್ಕೊಳ್ಳಾ ಸಾರ್?" ಎಂದ ದಫೇದಾರ. ಇನ್ಸ್‌ಪೆಕ್ಟರ್ ಅವನತ್ತ ಒಮ್ಮೆ ನೋಡಿದರು. ಅವನು ಪೆನ್ನಿನ ಮುಚ್ಚಳ ಹುಡುಕತೊಡಗಿದ.

ಮಾರ್ಚ್ ಇಪ್ಪತ್ತಮೂರರ ಬೆಳಿಗ್ಗೆ ಕಂಡಕ್ಟರ್ ತಾಯಿಯ ಹಣೆ ಮುಟ್ಟಿ ನೋಡಿದ್ದಳು. ಕೆಂಡದ ಹಾಗಿತ್ತು. ಆಸ್ಪತ್ರೆಗೆ ಹೋಗೋಣ ಎಂದಳು. ಗೇಟಿನಲ್ಲಿ ಹೇಗಿದ್ದರೂ ನೋಡುತ್ತಾರೆ ಎಂದು ತಾಯಿ ಡಬ್ಬಿ ಎತ್ತಿಕೊಂಡು ಹೊರಟರು.

"ಸಾಯಂಕಾಲ ಬಂದು ನನ್ನನ್ನೇ ಆಡಿಕೊಂಡ್ರು ಸಾರ್. 'ತೊಂಬತ್ತೇಳು ಪಾಯಿಂಟ್ ಆರು ಅಂತೆ ಕಣೇ. ಮಿಷನ್‌ಗಿಂತ ನಿನ್ನ ಕೈ ಹೆಚ್ಚಾ?' ಅಂದ್ರು. ಮೂರು ದಿನವೂ ಅದೇ. ನಾಲ್ಕನೇ ದಿನ ಹೊಲಿಗೆ ಮಿಷನ್ ಮೇಲೇ ಬಿದ್ದುಬಿಟ್ರು."

ಏಪ್ರಿಲ್ ಎರಡರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂರು ದಿನ ಮೊದಲು ಕರೆತಂದಿದ್ದರೆ ನೋಡಬಹುದಿತ್ತು ಎಂದು ವೈದ್ಯರು ಅಂದಿದ್ದರು.

"ಈಗ ನಿಮಗೆ ಏನಾಗ್ಬೇಕು?"

"ಯಾರನ್ನಾದ್ರೂ ಒಳಗೆ ಹಾಕಿ ಅಂತ ಬಂದಿಲ್ಲ. ಮಿಷನ್ ಸರಿ ಇತ್ತಾ, ನನ್ನ ಕೈ ಸರಿ ಇತ್ತಾ, ಅದೊಂದು ಹೇಳಿ. ಮಿಷನ್ ಸರಿ ಇತ್ತು ಅಂದ್ರೆ ಹಣೆಬರಹ ಅಂದ್ಕೋತೀನಿ." ಅವಳು ತನ್ನ ಬಲಗೈ ನೋಡಿಕೊಂಡಳು. "ಕೈ ಸರಿ ಇತ್ತು ಅಂದ್ರೆ, ಅವತ್ತೇ ಎಳ್ಕೊಂಡು ಹೋಗ್ಬೇಕಿತ್ತು ನಾನು."

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗ ಖಾಲಿ ಉಳಿಯಿತು.

ಆ ಗೇಟು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಮಾರ್ಚ್ ಹದಿನೈದರಂದು ಆ ಬೀದಿಯ ಅಂಗಡಿಯ ಮುಂದೆ ಸಾಮಾನಿಗಾಗಿ ಜನ ಮುಗಿಬಿದ್ದಾಗ ಅವರು ಬಂದೋಬಸ್ತಿಗೆ ಹೋಗಿದ್ದರು. ಗಂಟಲು ಕೆರೆಯುತ್ತಿತ್ತು. ಫ್ಯಾಕ್ಟರಿಯ ಕಾವಲುಗಾರ ತಾನೇ ಕರೆದು ಹಣೆಗೆ ಮಿಷನ್ ಹಿಡಿದಿದ್ದ. ಪೀಂ. "ತೊಂಬತ್ತೇಳು ಪಾಯಿಂಟ್ ನಾಲ್ಕು ಸಾರ್. ಆರಾಮಾಗಿರಿ." ವಾರದ ನಂತರ ಅಂದು ಮೊದಲ ಬಾರಿ ಅವರು ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡಿದ್ದರು.

ಹನ್ನೆರಡೂ ಕಾಲಿಗೆ ಇನ್ಸ್‌ಪೆಕ್ಟರೂ ದಫೇದಾರನೂ ಫ್ಯಾಕ್ಟರಿ ತಲುಪಿದರು. ಇನ್ನೂರ ನಲವತ್ತು ಜನ ಶರ್ಟು ಹೊಲಿಯುತ್ತಿದ್ದ ಜಾಗದಲ್ಲಿ ಮಾರ್ಚ್‌ನಿಂದ ಮಾಸ್ಕ್ ಹೊಲಿಯುತ್ತಿದ್ದರು. ಗೇಟಿನ ಪಕ್ಕ ಆರಡಿ ಉದ್ದ, ಐದಡಿ ಅಗಲದ ಕಾವಲು ಕೋಣೆ. ಮೇಜು, ಸ್ಟೂಲು, ರಿಜಿಸ್ಟರ್, ಗೋಡೆ ಗಡಿಯಾರ, ಒಂದು ಕಪಾಟು. ಒಳಗೆ ಐವತ್ತೆಂಟು ವರ್ಷದ ತೆಳ್ಳನೆಯ ಕಾವಲುಗಾರ. ಫ್ಯಾಕ್ಟರಿಗೆಲ್ಲ ಅವನು ಹಾರ್ನ್ ಮಾಮ. ಬರುವ ಪ್ರತಿಯೊಂದು ಲಾರಿಯ ಹಾರ್ನ್ ಅವನ ಬಾಯಲ್ಲಿತ್ತು. ಒಮ್ಮೆ ಬಟ್ಟೆ ಲಾರಿಯ ಹಾರ್ನ್ ಹೊಡೆದು ಮ್ಯಾನೇಜರ್ ಕೈಯಿಂದಲೇ ಗೇಟು ತೆಗೆಸಿದ್ದನಂತೆ.

ಅಂದು ಅವನು ಯಾವ ಸದ್ದೂ ಮಾಡಲಿಲ್ಲ.

"ಮಿಷನ್ ಸರಿ ಇತ್ತಾ?"

"ಇತ್ತು ಸಾರ್."

"ಜ್ವರ ಇದ್ದವರು ಯಾರೂ ಸಿಗ್ಲೇ ಇಲ್ವಾ?"

"ಒಬ್ಬ ಸಿಕ್ಕಿದ್ದ. ಮಾರ್ಚ್ ಹನ್ನೊಂದಕ್ಕೆ. ಇಸ್ತ್ರಿಯವನು. ನೂರು ಪಾಯಿಂಟ್ ಎಂಟು."

"ಆಮೇಲೆ?"

"ಯಾರೂ ಇಲ್ಲ."

"ಮಿಷನ್ ಎಲ್ಲಿ?"

ಕಪಾಟಿನಿಂದ ತೆಗೆದುಕೊಟ್ಟ. ಸೆಲ್ ಹಾಕುವ ಜಾಗ ಖಾಲಿ ಇತ್ತು.

"ಈಗ ಆಸ್ಪತ್ರೆಯವರೇ ಬಂದು ನೋಡ್ತಾರಲ್ಲ ಸಾರ್. ಸುಮ್ನೆ ಯಾಕೆ ಅಂತ ತೆಗೆದಿಟ್ಟೆ."

ಮಿಷನ್ನೂ ರಿಜಿಸ್ಟರೂ ಜಪ್ತಿಯಾದವು. ದಫೇದಾರ ತಲೆಯೆತ್ತಿ ಗೋಡೆ ಗಡಿಯಾರ ನೋಡಿ ಪಂಚನಾಮೆಯ ಕೆಳಗೆ ಬರೆದ: ಮಧ್ಯಾಹ್ನ ಹನ್ನೆರಡು ಮೂವತ್ತೆರಡು.

ಮಧ್ಯಾಹ್ನವೆಲ್ಲ ಹೇಳಿಕೆಗಳು. ಹದಿನಾಲ್ಕು ಜನರನ್ನು ಕೇಳಿದರೆ ಹದಿನಾಲ್ಕು ಜನರೂ ಪೀಂ ಸದ್ದು ಕೇಳಿದ್ದರು. ಕೆಲಸದವರಷ್ಟೇ ಅಲ್ಲ, ಇಡೀ ಬೀದಿಯೇ ಕೇಳಿತ್ತು. ಸಾಯಂಕಾಲ ಐದರ ನಂತರ ಗೇಟಿನ ಮುಂದೆ ಸುಣ್ಣದ ವೃತ್ತಗಳಲ್ಲಿ ಜನ ಸಾಲುಗಟ್ಟುತ್ತಿದ್ದರಂತೆ. ನೆಗಡಿಯಾದವರು, ಗಂಡನಿಗೆ ನೆಗಡಿಯಾಗಿದೆಯೆಂದು ಹೆದರಿದವರು, ಏನೂ ಆಗಿಲ್ಲವೆಂದು ಹೆದರಿದವರು. ಎದುರಿನ ತರಕಾರಿಯವಳು ರಟ್ಟಿನ ಮೇಲೆ '97.2' ಎಂದು ಬರೆದು ಗಾಡಿಗೆ ನೇತುಹಾಕಿದ್ದಳು.

"ಬೆಲೆ ಅಂದ್ಕೊಂಡೆ," ಎಂದ ದಫೇದಾರ.

"ಬೆಲೇನೇ ಸಾರ್. ಅದು ಇಲ್ದಿದ್ರೆ ಒಂದು ಟೊಮೇಟೊ ಮುಟ್ತಿರ್ಲಿಲ್ಲ ಜನ."

ಮರುದಿನ, ಏಳನೇ ತಾರೀಖು, ಇನ್ಸ್‌ಪೆಕ್ಟರ್ ರಿಜಿಸ್ಟರ್ ಬಿಡಿಸಿ ಕುಳಿತರು. ಮಾರ್ಚ್ ಹನ್ನೊಂದರವರೆಗೆ ಅಂಕಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಹನ್ನೆರಡರಿಂದ ಕದಲಲಿಲ್ಲ. ಕಾಲರ್ ಹೊಲಿಯುವವಳಿಗೆ ಪ್ರತಿದಿನ 97.1. ಗುಂಡಿ ಹಾಕುವವನಿಗೆ 97.9. ತೀರಿಕೊಂಡವರಿಗೆ 97.6.

"ಚಪ್ಪಲಿ ಸೈಜಿನ ಹಾಗಿದೆಯಲ್ಲ ಸಾರ್," ಎಂದ ದಫೇದಾರ. "ಒಬ್ಬೊಬ್ಬರಿಗೆ ಒಂದೊಂದು. ಬದಲಾಗೋದೇ ಇಲ್ಲ."

ಈ ಸಲ ಇನ್ಸ್‌ಪೆಕ್ಟರ್ ತಲೆಯಾಡಿಸಿದರು.

ಸಾಯಂಕಾಲ ನಾಲ್ಕಕ್ಕೆ ಫ್ಯಾಕ್ಟರಿಯ ಸ್ಟೋರ್ ಕೀಪರ್ ಹೇಳಿಕೆ ಕೊಡಲು ಬಂದ. ತಡವಾಗಿದ್ದಕ್ಕೆ ಕ್ಷಮೆ ಕೇಳಿ, ಅಭ್ಯಾಸಬಲದಿಂದ ಎಂಬಂತೆ, "ಮಾಮನ ಗಡಿಯಾರ ನೋಡ್ಕೊಂಡು ಬಂದೆ ಸಾರ್," ಎಂದು ನಕ್ಕ.

"ಹಾಗಂದ್ರೆ?"

"ಗೇಟಿನ ಗಡಿಯಾರ ಸಾರ್. ಆರು ವರ್ಷದಿಂದ ನಾಲ್ಕೂ ಹತ್ತರಲ್ಲೇ ನಿಂತಿದೆ, ಈಗ ಯಾರೂ ಅದರ ಕಡೆ ನೋಡೋದೂ ಇಲ್ಲ. ಲೇಟಾಗಿ ಬಂದವರಿಗೆಲ್ಲ ನಾವು ಹಾಗೇ ಅನ್ನೋದು."

ದಫೇದಾರ ಪಂಚನಾಮೆ ತೆಗೆದು ತಾನೇ ಬರೆದ ಸಮಯವನ್ನು ನೋಡಿದ: ಹನ್ನೆರಡು ಮೂವತ್ತೆರಡು. ಇನ್ಸ್‌ಪೆಕ್ಟರ್ ದಫೇದಾರನನ್ನು ನೋಡಿದರು.

ಎಂಟನೇ ತಾರೀಖು, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಸ್ಟೋರ್ ಕೀಪರನನ್ನೂ ತರಕಾರಿಯವಳನ್ನೂ ಪಂಚರಾಗಿ ಕರೆದುಕೊಂಡು ಇನ್ಸ್‌ಪೆಕ್ಟರ್ ಕಾವಲು ಕೋಣೆಯ ಮುಂದೆ ನಿಂತರು. ಗೋಡೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಹಾರ್ನ್ ಮಾಮ ಮಾಸ್ಕ್ ಸರಿಮಾಡಿಕೊಂಡ.

ಇನ್ಸ್‌ಪೆಕ್ಟರ್ ಗಡಿಯಾರ ಇಳಿಸಿ ಅದರ ಬೆನ್ನಿನಿಂದ ಸೆಲ್ ತೆಗೆದರು. ಮುಳ್ಳು ಹನ್ನೊಂದು ಇಪ್ಪತ್ತನಾಲ್ಕಕ್ಕೆ ನಿಂತಿತು. ಅದೇ ಕಂಪನಿಯ ಇನ್ನೊಂದು ಸೆಲ್ ಮೇಜಿನ ಡ್ರಾಯರ್‌ನಲ್ಲಿ ಸಿಕ್ಕಿತು. ಅದರ ಹಿಂದೆ ಹಳೆಯ ಸ್ಟೀಲ್ ಊಟದ ಡಬ್ಬಿ. ಒಂದು ಮೂಲೆ ಜಜ್ಜಿಹೋಗಿತ್ತು, ಒಳಗೆ ತೊಳೆದು ಒರೆಸಿ ಇಡಲಾಗಿತ್ತು.

ಎರಡೂ ಸೆಲ್ಲುಗಳನ್ನು ಜೊತೆಗೆ ತಂದಿದ್ದ ಮಿಷನ್ನಿಗೆ ಹಾಕಿ, ಹಿಂದಿನ ಅಳತೆ ತೋರಿಸುವ ಗುಂಡಿ ಒತ್ತಿದರು. ಅದು ಕೊನೆಯದಾಗಿ ಅಳೆದದ್ದು 100.8.

"ಇದು ಇಸ್ತ್ರಿಯವನದು," ಎಂದರು ಇನ್ಸ್‌ಪೆಕ್ಟರ್. "ಅವನಾದ ಮೇಲೆ ಈ ಮಿಷನ್ ಯಾರನ್ನೂ ನೋಡಿಲ್ಲ."

"ಅದು ಹೇಗೆ ಸಾರ್?" ತರಕಾರಿಯವಳು ಮುಂದೆ ಬಂದಳು. "ದಿನಾ ಸದ್ದು ಕೇಳ್ತಿತ್ತಲ್ಲ!"

ಇನ್ಸ್‌ಪೆಕ್ಟರ್ ದಫೇದಾರನ ಹಣೆಗೆ ಮಿಷನ್ ಹಿಡಿದರು. ಸೊಳ್ಳೆಯ ಹಾಗೆ ಸಣ್ಣಗೆ ಕಿರ್ ಎಂದಿತು.

"ಅಯ್ಯ, ಇದಲ್ಲ ಸಾರ್. ಅದು ಜೋರಾಗಿತ್ತು. ಕೇಳಿದ್ರೇ ಧೈರ್ಯ ಬರೋದು."

ಇನ್ಸ್‌ಪೆಕ್ಟರ್ ಕಾವಲುಗಾರನ ಕಡೆ ತಿರುಗಿದರು. "ಮಾಡು ಮಾಮ."

ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಮಾಸ್ಕಿನ ಹಿಂದಿನಿಂದ, ಬಟ್ಟೆ ಒಂದಿಷ್ಟೂ ಅಲುಗದೆ, ಸ್ಪಷ್ಟವಾಗಿ ಬಂತು: ಪೀಂ.

ದಫೇದಾರನ ಹಣೆ ತನಗೆ ತಿಳಿಯದಂತೆ ಮುಂದೆ ಬಾಗಿತ್ತು. ಸರಿಯಾಗಿ ನಿಂತುಕೊಂಡು, ತಗ್ಗಿದ ದನಿಯಲ್ಲಿ ಕೇಳಿದ: "ಸಾರ್, ಇದನ್ನ ಜಪ್ತಿ ಮಾಡೋದು ಹೇಗೆ?"

ಮತ್ತೊಮ್ಮೆ ಮಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಎರಡನೆಯ ಸಲ ದನಿ ನಡುವೆ ಒಡೆಯಿತು.

"ಯಾಕೆ?"

"ಆ ಇಸ್ತ್ರಿ ಹುಡುಗ ಬೆಳಿಗ್ಗೆ ಆರಕ್ಕೇ ಬಂದು ಬಾಯ್ಲರ್ ಹಚ್ಚಿದ್ದ ಸಾರ್. ಎರಡು ಗಂಟೆ ಅದರ ಮುಂದೆ ಬೆಂದು, ಟೀ ಕುಡಿಯಕ್ಕೆ ಹೊರಗೆ ಹೋಗಿ ಬಂದ. ನಾನು ಮಿಷನ್ ಹಿಡಿದೆ. ನೂರು ಪಾಯಿಂಟ್ ಎಂಟು ಅಂತ ಜೋರಾಗಿ ಓದಿಬಿಟ್ಟೆ. ಜೋರಾಗಿ ಓದೋದು ನನಗೆ ಚಟ ಸಾರ್. ಹಿಂದೆ ಎಂಬತ್ತು ಜನ ನಿಂತಿದ್ರು."

"ಆಮೇಲೆ?"

"ಅವನ ಡಬ್ಬೀನ ರಸ್ತೆಗೆ ಎಸೆದ್ರು. ಚೀಲ ಎಸೆದ್ರು. ಕೋಲಲ್ಲಿ ತಳ್ಳಿದ್ರು ಸಾರ್, ಕೈ ತಾಗಬಾರದು ಅಂತ. ರೂಮಿನ ಮಾಲೀಕ ಬೀಗ ಬದಲಾಯಿಸಿದ್ನಂತೆ. ಎರಡು ದಿನಕ್ಕೆ ಆಸ್ಪತ್ರೆಯವರು ಏನಿಲ್ಲ ಅಂದ್ರು. ಅಷ್ಟರಲ್ಲಿ ಅವನು ಊರೇ ಬಿಟ್ಟಿದ್ದ. ಡಬ್ಬಿ ತೊಳೆದಿಟ್ಟಿದ್ದೀನಿ. ಬಂದ್ರೆ ಕೊಡೋಣ ಅಂತ."

"ಅದಕ್ಕೆ ಸೆಲ್ ತೆಗೆದೆ."

"ಅವತ್ತು ಉಳಿದವರಿಗೆ ಹಿಡೀಲೇ ಇಲ್ಲ. ಇನ್ನೊಬ್ಬರದ್ದು ಓದೋದು ಬೇಡ ಅನ್ನಿಸ್ತು ಸಾರ್. ಸೆಲ್ ಸುಮ್ನೆ ಯಾಕೆ ಹಾಳು ಅಂತ ಗಡಿಯಾರಕ್ಕೆ ಹಾಕಿದೆ. ಮೊದಲ ದಿನ ಪೀಂ ಅಂದಾಗ ಎಲ್ಲರ ಮುಖ ಹೇಗೆ ಅರಳ್ತು ಗೊತ್ತಾ? ಬಿಡಕ್ಕಾಗ್ಲಿಲ್ಲ."

"ಆ ಹೆಂಗಸಿಗೆ ಜ್ವರ ಇದ್ದದ್ದು ಗೊತ್ತಿತ್ತಾ?"

ಅವನು ರಿಜಿಸ್ಟರ್ ಇದ್ದ ಜಾಗವನ್ನು ಅಂಗೈಯಿಂದ ಒರೆಸಿದ.

"ಅಕ್ಕನೇ ಹೇಳಿದ್ರು. 'ಸರಿಯಾಗಿ ನೋಡೋ ಮಾಮ, ಮೈ ಯಾಕೋ ಬಿಸಿ ಅನ್ಸುತ್ತೆ' ಅಂದ್ರು. ಕಣ್ಣು ಕೆಂಪಗಿತ್ತು. ಹಿಂದೆ ಸಾಲು ನಿಂತಿತ್ತು ಸಾರ್. ಅವರ ಡಬ್ಬೀನೂ ರಸ್ತೆಗೆ ಬೀಳುತ್ತೆ ಅಂದ್ಕೊಂಡೆ. ಪೀಂ ಅಂದೆ. ತೊಂಬತ್ತೇಳು ಪಾಯಿಂಟ್ ಆರು ಅಂದೆ. ಒಳಗೆ ಹೋದ ಮೇಲೆ ಯಾರಿಗೂ ಕಾಣದ ಹಾಗೆ ಕರೆದು, ಆಸ್ಪತ್ರೆಗೆ ಹೋಗಕ್ಕಾ ಅನ್ನಬಹುದಿತ್ತು. ನಾನೇ ಏನಿಲ್ಲ ಅಂದ ಮೇಲೆ ಏನಂತ ಹೇಳ್ಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮೂರು ದಿನ ಕಳೆದೆ."

ಇನ್ಸ್‌ಪೆಕ್ಟರ್ ಡಬ್ಬಿಯ ಜಜ್ಜಿದ ಮೂಲೆಯನ್ನು ನೋಡುತ್ತಿದ್ದರು. ಪಂಚರನ್ನು ಹೊರಗೆ ಕಳಿಸಿ ಕೇಳಿದರು: "ಇದನ್ನ ಮೊದಲು ಎಸೆದವರು ಯಾರು?"

"ಅದು ಬೇಡ ಸಾರ್."

"ಯಾರು?"

"ಅಕ್ಕನೇ." ಅವನು ಮಾಸ್ಕ್ ಕೆಳಗೆ ಎಳೆದುಕೊಂಡ. "ಕೆಟ್ಟವರಲ್ಲ ಸಾರ್. ಹೆದರಿದ್ರು. 'ಮಗಳು ದಿನಾ ಬಸ್ಸಲ್ಲಿ ನೂರಾರು ಜನರ ಮಧ್ಯೆ ಓಡಾಡ್ತಾಳೆ, ಮನೆಯಿಂದ ನಾನು ಬೇರೆ ಅಂಟಿಸಿಬಿಟ್ರೆ' ಅಂತ. ಅದನ್ನ ಬರೀಬೇಡಿ. ಅಕ್ಕನ ಮಗಳು ಈ ಕಾಗದ ಓದ್ತಾಳೆ."

ದಫೇದಾರನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

"ಕೆಲವರು ಎಸೆದರು ಅಂತ ಬರಿ," ಎಂದರು ಇನ್ಸ್‌ಪೆಕ್ಟರ್.

ಹನ್ನೆರಡು ಹತ್ತಕ್ಕೆ ಬಂಧನ. ಸಮಯ ಬರೆಯಲು ದಫೇದಾರ ಗೋಡೆಯತ್ತ ತಲೆಯೆತ್ತಿ, ಅಲ್ಲಿ ಮೊಳೆ ಮಾತ್ರ ಕಂಡು, ಮೊಬೈಲ್ ತೆಗೆದ. ಹಾರ್ನ್ ಮಾಮ ಕೊರಳಿನ ಸೀಟಿ ಬಿಚ್ಚಿ ಮೇಜಿನ ಮೇಲಿಟ್ಟು ಜೀಪು ಹತ್ತಿದ. ಜೀಪು ಕಂಡು ಬಂದ ಆರೇಳು ಜನ ಗೇಟಿನ ಹೊರಗೆ ಸುಣ್ಣದ ವೃತ್ತಗಳಲ್ಲಿ ನಿಂತಿದ್ದರು. ಒಬ್ಬ ಮುದುಕ ಹಣೆಯ ಮೇಲಿನ ಟೋಪಿ ಹಿಂದಕ್ಕೆ ಸರಿಸಿ ಕೂಗಿ ಕೇಳಿದ: "ಮಾಮ, ಇನ್ಮೇಲೆ ನೋಡಲ್ವಾ?"

ಒಂಬತ್ತನೇ ತಾರೀಖು ಸಂಜೆ ಐದಕ್ಕೆ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದಳು. ಇನ್ಸ್‌ಪೆಕ್ಟರ್ ನಡೆದದ್ದನ್ನು ಹೇಳಿದರು.

"ಯಾಕಂತೆ ಸಾರ್?" ಎಂದು ಕೇಳಿದಳು.

"ಒಬ್ಬನನ್ನ ಗೇಟಿಂದ ಓಡಿಸಿದ್ದು ನೋಡಿದ್ದ. ಇನ್ನೊಬ್ಬರನ್ನ ಹಾಗೆ ಓಡಿಸಬಾರದು ಅಂತ."

"ಇಸ್ತ್ರಿಯವನನ್ನಾ?"

ಇನ್ಸ್‌ಪೆಕ್ಟರ್ ತಲೆಯೆತ್ತಿದರು.

"ಅವತ್ತು ಅಮ್ಮ ಊಟ ಮಾಡ್ಲಿಲ್ಲ ಸಾರ್. ಏನಾಯ್ತು ಅಂದ್ರೆ, ಇಸ್ತ್ರಿ ಹುಡುಗನ ಡಬ್ಬಿ ಚೆಲ್ಲೋಯ್ತು ಅಂದ್ರು, ಅಷ್ಟೇ. ಮಾರನೇ ದಿನ ಎರಡು ಡಬ್ಬಿ ಕಟ್ಕೊಂಡು ಹೋಗಿದ್ರು. ಒಂದು ಹಾಗೇ ವಾಪಸ್ ಬಂತು."

ಇನ್ಸ್‌ಪೆಕ್ಟರ್ ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

"ಹಾಗಾದ್ರೆ ನನ್ನ ಕೈ ಸರಿ ಇತ್ತು," ಎಂದಳು ಅವಳು.

"ಇತ್ತಮ್ಮ."

ಅವಳು ಹೇಳಿಕೆಗೆ ಸಹಿ ಹಾಕಿ, ಮೊದಲ ದಿನದಂತೆ ಟ್ರೇಗಾಗಿ ಅತ್ತಿತ್ತ ನೋಡಿದಳು. ದಫೇದಾರ ಟ್ರೇ ಮುಂದೆ ಮಾಡಲಿಲ್ಲ. ಕೈ ಚಾಚಿ, ಅವಳ ಕೈಯಿಂದಲೇ ಕಾಗದ ತೆಗೆದುಕೊಂಡ.