ಸಡಿಲ ಬಿಟ್ಟ ಹಗ್ಗ

ಮೊದಲ ದಿನವೇ ಅವನು ನೀರಿನಿಂದ ತಲೆ ಎತ್ತಿ ಕೇಳಿದ್ದ, "ನನ್ನನ್ನ ಬೈಕೊಳ್ತಿದ್ದೀರಾ? ಇಳಿಯುವಾಗಲೂ ನೋಡಿದೆ, ಬರುವಾಗಲೂ ನೋಡಿದೆ, ತುಟಿ ಅಲ್ಲಾಡ್ತಾನೇ ಇದೆ."

"ಪ್ರಾರ್ಥನೆ ಮಾಡ್ತಿದ್ದೆ."

"ನನಗೋಸ್ಕರಾನಾ?"

"ಹಗ್ಗದ ಆ ತುದಿಯಲ್ಲಿ ಯಾರಿದ್ರೂ ಅವರಿಗೋಸ್ಕರ," ಅಂದಿದ್ದಳು ಕಿವಿ ಕೆಂಪಾಗಿ. ಅವತ್ತಿನಿಂದ ಅವನ ಬಾಯಲ್ಲಿ ಅವಳು 'ಪಾಸ್ಟರಮ್ಮ'.

ಬಂದರಿನ ಹಡಗುಗಳ ತಳ ಕೆರೆಯುವುದು, ಪ್ರೊಪೆಲರ್‌ಗೆ ಸುತ್ತಿಕೊಂಡ ಬಲೆ ಬಿಡಿಸುವುದು ಅವನ ಕೆಲಸ. ದೋಣಿಯಲ್ಲಿ ಕೂತು ಅವನ ಸೊಂಟದ ಹಗ್ಗ ಹಿಡಿಯುವುದು ಅವಳದು. ಒಮ್ಮೆ ಎಳೆದರೆ ಕ್ಷೇಮ. ಬಿಡದೆ ಎಳೆದರೆ ಮೇಲಕ್ಕೆತ್ತು. ಅವಳ ಅಪ್ಪನೂ ಹೀಗೇ ಇಳಿಯುತ್ತಿದ್ದ. ಒಂದು ದಿನ ತುಂಡಾದ ಹಗ್ಗ ಮಾತ್ರ ಮೇಲೆ ಬಂತು.

ಹೋದ ಭಾನುವಾರ ಅವನು ಚರ್ಚಿಗೆ ಬಂದಿದ್ದ. ಹಿಂದಿನ ಬೆಂಚಿನಲ್ಲಿ, ಎಲ್ಲರೂ ಎದ್ದಾಗ ಕೂತು, ಕೂತಾಗ ಎದ್ದು ಪೇಚಾಡುತ್ತಿದ್ದವನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಅವನು ಕೇಳಿಯೇಬಿಟ್ಟ, "ನನ್ನನ್ನ ಮದುವೆ ಆಗ್ತೀಯಾ?"

ನಗು ಅಲ್ಲೇ ಇಂಗಿತು. "ದೇವರನ್ನ ಕೇಳಿ ಹೇಳ್ತೀನಿ."

"ಸ್ವಲ್ಪ ನನ್ನ ಪರವಾಗಿ ಕೇಳು, ಮಾರಾಯ್ತಿ."

ಅವಳು ದಿನವೂ ಮಂಡಿಯೂರಿ ಕೇಳಿದಳು: ಕರ್ತನೇ, ಇವನು ಯಾವಾಗಲೂ ಮೇಲೆ ಬರ್ತಾನೆ ಅಂತ ಮಾತು ಕೊಡು, ಹೂಂ ಅಂತೀನಿ. ಉತ್ತರ ಬರಲಿಲ್ಲ.

ಇವತ್ತು ಪ್ರೊಪೆಲರ್‌ಗೆ ಬಲೆ ಸುತ್ತಿಕೊಂಡ ದೊಡ್ಡ ಹಡಗಿನ ಪಕ್ಕ ನೀರು ಕಪ್ಪಗೆ, ಅಲೆಯೇ ಇಲ್ಲದೆ ಬಿದ್ದಿತ್ತು. ಒಂದು ಹಕ್ಕಿಯೂ ಇರಲಿಲ್ಲ. ಕೊಳವೆಯಲ್ಲಿ ಕೆಳಗೆ ಉಸಿರಾಟದ ಗಾಳಿ ಕಳಿಸುವ ಮೆಷಿನ್ ನೋಡಿಕೊಳ್ಳುವ ಅವಳ ಚಿಕ್ಕಪ್ಪ, ಬಾಯಿ ಮುಚ್ಚದ ಮನುಷ್ಯ, ಬೆಳಗಿನಿಂದ ಮಾತೇ ಆಡಿರಲಿಲ್ಲ.

"ಇವತ್ತು ಬೇಡ," ಅಂದಳು.

"ಬೇಡ ಅನ್ನೋಕೆ ನೀನು ನನಗೆ ಯಾರು?" ಅವನು ಒಂದು ಹುಬ್ಬು ಏರಿಸಿದ. "ಹೆಂಡತಿ ಹೇಳಿದ್ರೆ ಕೇಳ್ತಿದ್ದೆ."

ಮುಖವಾಡದ ಗಾಜಿನ ಹಿಂದೆ ಆ ಕಣ್ಣುಗಳು ಅವಳ ಮೇಲೆ ಒಂದು ಕ್ಷಣ ಹೆಚ್ಚೇ ನಿಂತವು. ಆಮೇಲೆ ಬರೀ ಗುಳ್ಳೆ.

ಒಮ್ಮೆ ಎಳೆತ ಬಂತು. ಮತ್ತೊಮ್ಮೆ. ಆಮೇಲೆ ನಿಂತುಹೋಯಿತು. ಅವಳು ಮೆಲ್ಲಗೆ ಎಳೆದು ನೋಡಿದಳು. ಹಗ್ಗ ಬಂಡೆಗೆ ಕಟ್ಟಿದ ಹಾಗೆ ಬಿಗಿದಿತ್ತು.

"ಸಿಕ್ಕಿಹಾಕ್ಕೊಂಡಿದ್ದಾನೆ, ಎಳಿ!" ಚಿಕ್ಕಪ್ಪ ಓಡಿಬಂದು ಹಗ್ಗಕ್ಕೆ ಕೈ ಹಾಕಿದ. ಅಪ್ಪನ ಹಗ್ಗವನ್ನೂ ಅವನೇ ಹೀಗೆ ಎಳೆದಿದ್ದ. ಇಬ್ಬರಿಗೂ ಒಟ್ಟಿಗೇ ಅದು ನೆನಪಾಯಿತು.

"ಬಿಡಿ ಚಿಕ್ಕಪ್ಪ. ಪ್ರೊಪೆಲರ್ ಅಲಗಿಗೆ ಉಜ್ಜಿದ್ರೆ ತುಂಡಾಗುತ್ತೆ. ಸಡಿಲ ಬಿಡೋಣ, ಅವನೇ ಬಿಡಿಸ್ಕೊಳ್ಳಲಿ."

"ಬಿಡಿಸ್ಕೊಳ್ಳದಿದ್ರೆ?"

ಎಳೆ ಎಳೆ ಎಂದು ಅವಳ ಬೆರಳುಗಳು ಚಡಪಡಿಸುತ್ತಿದ್ದವು. ಪ್ರಾರ್ಥಿಸಿದಳು. ಈ ಸಲ ಕರಾರು ಬಾಯಿಗೆ ಬರಲಿಲ್ಲ. ತಂದೆಯೇ, ಅವನು ನನಗಿಂತ ಮೊದಲು ನಿನ್ನವನು. ಅವನು ಬಂದರೂ ಬಾರದಿದ್ದರೂ ನನ್ನ ಕೈ ಬಿಡಬೇಡ.

ಮುಷ್ಟಿ ತೆರೆದಳು. ಹಗ್ಗ ಅಂಗೈಯ ಮೇಲೆ ಜಾರಿ ಒಂದೆರಡು ಮಾರು ಕಪ್ಪು ನೀರಿಗೆ ಇಳಿದು, ಸಡಿಲವಾಗಿ ಅಲ್ಲೇ ನಿಂತಿತು. ಅಣ್ಣ ಹೋದಮೇಲೆ ಚರ್ಚಿನ ಕಡೆ ತಲೆ ಹಾಕದ ಚಿಕ್ಕಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ನೀರು ಅಲ್ಲಾಡಲಿಲ್ಲ.

ಅಂಗೈಯಲ್ಲಿ ಏನೋ ಮಿಡಿಯಿತು. ತನ್ನದೇ ನಾಡಿ ಅಂದುಕೊಂಡಳು. ಇಲ್ಲ, ಎಳೆತ. ಬಿಡದೆ, ಬಿಡದೆ ಎಳೆತ!

ದೋಣಿಗೆ ಎತ್ತಿಹಾಕಿದಾಗ ಅವನ ತುಟಿ ನೀಲಿಗಟ್ಟಿತ್ತು, ಒಂದು ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವಳು ಅಂಗಿಯ ತೋಳಿನಿಂದ ಒರೆಸಿದಳು.

"ನಿನ್ನ ದೇವರು... ಉತ್ತರ ಕೊಟ್ಟನಾ?"

"ನೀನು ಯಾವಾಗಲೂ ಮೇಲೆ ಬರ್ತೀಯ ಅಂತ ಮಾತು ಕೊಡು ಅಂದಿದ್ದೆ. ಕೊಡಲಿಲ್ಲ."

ಅವನ ಮುಖ ಬಾಡಿತು. "ಹಾಗಿದ್ರೆ..."

"ಹಾಗಿದ್ರೂ ಹೂಂ."

ಚಿಕ್ಕಪ್ಪ ಮೆಷಿನ್ ಕಡೆ ತಿರುಗಿ ಜೋರಾಗಿ ಮೂಗು ಸೀಟಿಕೊಂಡ.

"ಈ ಕಿವಿ ಕೇಳಿಸ್ತಿಲ್ಲ," ಅಂದ ಅವನು. "ಆ ಕಿವಿಗೆ ಇನ್ನೊಂದ್ಸಲ ಹೇಳು."

ಅವಳು ಬಗ್ಗಿ ಹೇಳಿದಳು. ಅವಳ ಉಸಿರು ತಾಗಿ ಅವನು ಕಣ್ಣು ಮುಚ್ಚಿದ.

ಹಡಗು ತಲೆಯ ಮೇಲೆ ಹಾಗೇ ನಿಂತಿತ್ತು. ಕಿವಿ ವಾಸಿಯಾದ ಮೇಲೆ ಅವನು ಮತ್ತೆ ಇಳಿಯಲೇಬೇಕು. ಇಬ್ಬರಿಗೂ ಗೊತ್ತಿತ್ತು.

"ಭಯ ಆಗ್ತಿದೆಯಾ?" ಅವನು ಕೇಳಿದ.

"ತುಂಬಾ."

"ನನಗೂ." ಆ ಮಾತನ್ನು ಅವನು ಯಾರ ಮುಂದೆಯೂ ಆಡಿದವನಲ್ಲ. ತಣ್ಣಗಿನ ಕೈಯನ್ನು ಅವಳ ಕೈಯೊಳಗೆ ತೂರಿಸಿದ. "ಏನು ಹೇಳ್ತೀಯೋ ಅದನ್ನ ನನಗೂ ಹೇಳ್ಕೊಡು."

"ತಂದೆಯೇ," ಅಂದಳು.

"ತಂದೆಯೇ," ಅಂದ ಅವನು. ಮುಂದಿನ ಮಾತು ಇಬ್ಬರಿಗೂ ತೋಚಲಿಲ್ಲ. ಕೈ ಬಿಡದೆ ಸುಮ್ಮನೆ ಕೂತರು.