ಮೂರು ಕ್ಯಾನು ತಿಳಿ ನೀರು

“ಬೂಟು ಬಿಚ್ಚಿ ಬರ್ಲೇನ್ರಿ?”

ಬಾಗಿಲಲ್ಲಿ ನಿಂತು ಹಾಗೆ ಕೇಳಿದವನನ್ನು ಶೋಭಾರಾಣಿ ಕಣ್ಣು ಕಿರಿದು ಮಾಡಿ ನೋಡಿದಳು. ಕೆಂಚನಾಳದ ಅವರ ಓಣಿಗೆ ಆಫೀಸಿನವರು ಬರುವುದೇ ಅಪರೂಪ. ಬಂದರೂ ಜೀಪಿನಿಂದ ಇಳಿಯದೆ, ಕೂತಲ್ಲೇ ಹೆಸರು ಬರೆದುಕೊಂಡು, ಧೂಳೆಬ್ಬಿಸಿ ಹೋಗುತ್ತಿದ್ದರು. ಇವನು ನೋಡಿದರೆ ಹೊಸ್ತಿಲ ಮುಂದೆ ಬಗ್ಗಿ ಲೇಸು ಹಿಡಿದುಕೊಂಡಿದ್ದಾನೆ!

“ಬಿಚ್ಚಬ್ಯಾಡ್ರಿ ಸರ್. ನೀವು ಹೋಗಬೇಕಾಗಿದ್ದು ಕೆರಿಗೆ, ನಮ್ಮ ಮನಿಗಲ್ಲ.”

“ದಾರಿ ತೋರಿಸೋರು ನೀವ ಅಂತ ಕೋರ್ಟಿನ ಕಾಗದದಾಗ ಬರದಾರ್ರಿ ಟೀಚರ್,” ಎಂದು ಅವನು ನಕ್ಕ.

ಹೆಸರು ಸಿದ್ದಲಿಂಗೇಶ. ಹನುಮಸಾಗರದ ಕಿರಾಣಿ ಅಂಗಡಿಯವರ ಮಗ. ಕೊಪ್ಪಳದಲ್ಲಿ ನೀರು ಪರೀಕ್ಷೆ ಮಾಡುವ ನೌಕರಿ.

ಕೇಸು ಹಾಕಿದವಳು ಶೋಭಾರಾಣಿ. ಊರ ಮೇಲಿನ ಬಯಲಲ್ಲಿ ಒಂದು ಕಂಪನಿಯ ಸಣ್ಣ ವಿಮಾನ ನಿಲ್ದಾಣ ಇತ್ತು. ಈಗ ದೊಡ್ಡ ವಿಮಾನ ಇಳಿಯಬೇಕೆಂದು ರನ್‌ವೇ ಉದ್ದ ಮಾಡುತ್ತಿದ್ದರು. ಅಲ್ಲಿನ ಸಿಮೆಂಟಿನ ರಾಡಿ, ಮಷೀನುಗಳ ಸುಟ್ಟ ಎಣ್ಣೆ ಎಲ್ಲ ಹಳ್ಳಕ್ಕಿಳಿದು, ಊರು ಕುಡಿಯುವ ಕೆರೆಗೆ ಸೇರುತ್ತಿತ್ತು. ಅವಳ ಅಂಗನವಾಡಿಯ ಮಕ್ಕಳು ದಿನವಿಡೀ ಮೈ ಕೆರೆದುಕೊಳ್ಳುತ್ತಿದ್ದವು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಕೋರ್ಟಿಗೆ ಹೋದಳು. ಮೊದಲು ಊರಿಗೆ ಊರೇ ಬೆನ್ನಿಗಿತ್ತು. ಕಂಪನಿಯಲ್ಲಿ ವಾಚ್‌ಮನ್ ಕೆಲಸ, ಟ್ರ್ಯಾಕ್ಟರಿಗೆ ಬಾಡಿಗೆ ಸಿಗತೊಡಗಿದ ಮೇಲೆ ಒಬ್ಬೊಬ್ಬರೇ ಜಾರಿಕೊಂಡರು. ಗಂಡ ತೀರಿಕೊಂಡು ತವರಿಗೆ ಬಂದು ಹತ್ತು ವರ್ಷ ಒಂಟಿಯಾಗಿದ್ದವಳು, ಕೇಸಿನಲ್ಲೂ ಒಂಟಿಯಾದಳು.

ಕೋರ್ಟಿನ ಆದೇಶ ಸರಳವಾಗಿತ್ತು. ಸಿದ್ದಲಿಂಗೇಶನೇ ಕೆರೆಗಿಳಿದು, ತನ್ನ ಕೈಯಾರೆ ಮೂರು ಕ್ಯಾನು ನೀರು ತುಂಬಿ, ಅಲ್ಲೇ ಸೀಲು ಹಾಕಿ ದೊಡ್ಡ ಲ್ಯಾಬಿಗೆ ಕಳಿಸಬೇಕು. ಕಂಪನಿಯ ಕಡೆಯವನೂ ಬಂದಿದ್ದ. ಆದರೆ ಆ ಪುಣ್ಯಾತ್ಮ ಕಾರಿನ ಎ.ಸಿ. ಬಿಟ್ಟು ಕೆಳಗಿಳಿಯಲೇ ಇಲ್ಲ.

ಚೀಟಿಗಳನ್ನು ಬರೆಯಲು ಸಿದ್ದಲಿಂಗೇಶ ಹಿತ್ತಲ ಬೇವಿನ ಗಿಡದ ನೆರಳಲ್ಲಿ ಕೂತ. ಅವಳ ತಾಯಿ ಮುದುಕಮ್ಮ ಬಿಳಿ ಕ್ಯಾನುಗಳನ್ನು ನೋಡಿ ಕೇಳಿದಳು, “ನೀರು ಬೇಕೇನಪಾ ನಿನಗ?”

“ಹೌದು ಬೇ ಯವ್ವಾ, ಮೂರೂ ತುಂಬಬೇಕು.”

“ಕೊಡು ಇಲ್ಲಿ. ಅಲ್ಲೆ ರಾಡಿ ಭಾಳ ಐತಿ, ನೀ ಯಾಕ ಜಾರಿ ಬೀಳ್ತಿ. ನಾ ತುಂಬ್ಕೊಂಡು ಬರ್ತೀನಿ.”

ಬೇಡ ಎನ್ನಬೇಕಿತ್ತು. ಎದ್ದು ಹೋಗಬೇಕಿತ್ತು. ಆದರೆ ಅದೇ ಹೊತ್ತಿಗೆ ಶೋಭಾರಾಣಿ ಚಹಾ ತಂದು ಎದುರಿಗೆ ಕೂತಳು.

“ಕೊಪ್ಪಳದಾಗ ಮನಿಯವರೆಲ್ಲಾ ಅದಾರೇನ್ರಿ?”

“ಮನಿಯವರಿಲ್ರಿ, ಒಂದು ರೂಮ್ ಐತಿ. ಖಾನಾವಳ್ಯಾಗ ಉಣ್ತೀನಿ.”

“ರೊಟ್ಟಿ ಹೆಂಗಿರ್ತಾವ?”

“ರೊಟ್ಟಿ ಛಲೋ ಇರ್ತಾವ್ರಿ. ಜೋಡಿ ಕುಂತು ಉಣ್ಣೋರ ಇಲ್ಲ.”

ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಚೀಟಿಯ ಕಡೆ ಬಗ್ಗಿದ. ತಾರೀಖು ತಪ್ಪು ಬರೆದ. ಹೊಡೆದು ಹಾಕಿ ಮತ್ತೆ ತಪ್ಪು ಬರೆದ.

“ಇವತ್ತು ಹನ್ನೊಂದ್ರಿ ಸರ್, ಇಪ್ಪತ್ತೊಂದಲ್ಲ,” ಎಂದು ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಅವನು ತಲೆಯೆತ್ತಿದ. ನಗುವಾಗ ಅವಳ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುವುದನ್ನು ನೋಡಿದ. ಅದು ಮತ್ತೊಮ್ಮೆ ಬೀಳಲಿ ಎಂದು ಕಾಯುತ್ತಾ ಕೂತುಬಿಟ್ಟ. ಅಷ್ಟರಲ್ಲಿ ಮುದುಕಮ್ಮ ಮೂರು ಕ್ಯಾನು ತಂದಿಟ್ಟಳು. ಅವನು ಸೀಲು ಹಾಕಿ, ‘ನಾನೇ ಖುದ್ದಾಗಿ ತುಂಬಿರುತ್ತೇನೆ’ ಎಂಬ ಸಾಲಿನ ಕೆಳಗೆ ಸಹಿ ಮಾಡಿದ.

ಆಮೇಲೆ ಫೋನುಗಳು ಶುರುವಾದವು. ಮೊದಲು “ಮಕ್ಕಳ ತುರಿಕಿ ಹೆಂಗೈತ್ರಿ?” ಎಂದು. ಆಮೇಲೆ ಕಾರಣವೇ ಇಲ್ಲದೆ. ಅವನು ಖಾನಾವಳಿಯಲ್ಲಿ ಕೂತು ಪಲ್ಯ ಯಾವುದೆಂದು ಹೇಳಿದರೆ ಇವಳು ಕೆಂಚನಾಳದಲ್ಲಿ ಕೂತು ಹೆಸರಿಡುತ್ತಿದ್ದಳು. ಸಂಜೆ ಆರಾದರೆ ಅಂಗನವಾಡಿಯ ಬೀಗ ಹಾಕುವ ಕೈ ತಾನಾಗಿ ಫೋನಿನ ಮೇಲೆ ಹೋಗುತ್ತಿತ್ತು. ಮೂವತ್ತೆರಡರ ಹೆಂಗಸು ಹೀಗೆಲ್ಲ ಮಾಡಬಾರದೆಂದು ತನಗೆ ತಾನೇ ಬೈದುಕೊಂಡಳು. ಮರುದಿನ ಆರಕ್ಕೆ ಮತ್ತೆ ಅದೇ.

ತಿಂಗಳೊಪ್ಪತ್ತಿನಲ್ಲಿ ರಿಪೋರ್ಟು ಬಂತು. ಕೆರೆಯ ನೀರಿನಲ್ಲಿ ರಾಡಿ ಇಲ್ಲ, ಎಣ್ಣೆ ಇಲ್ಲ, ಕುಡಿಯಲು ಯೋಗ್ಯ.

ಊರು ಕಿಸಕ್ಕೆಂದಿತು. ಅಂಗಡಿ ಕಟ್ಟೆಯ ಮೇಲಿದ್ದವರು ಅವಳಿಗೆ ಕೇಳಲೆಂದೇ, “ಸುಮ್ನ ದಿಮಾಕು ಮಾಡಿದ್ಲು ನೋಡ್ರಿ,” ಎಂದರು. ಶೋಭಾರಾಣಿ ಮನೆಗೆ ಬಂದು ತಾಯಿಯ ಮುಂದೆ ಕುಸಿದು ಕೂತಳು.

“ಹೆಂಗ ಬೇ ಇದು? ಕೆರಿ ನೀರು ಕೆಂಪಗ ಕಾಣ್ತೈತಿ. ಕ್ಯಾನಿನ್ಯಾಗ ಹೋಗಿ ತಿಳಿ ಆತೇನು?”

ಮುದುಕಮ್ಮ ಸೊಪ್ಪು ಸೋಸುತ್ತಾ ನಿರಾಳವಾಗಿ ಹೇಳಿದಳು, “ಕೆರಿ ನೀರು ಯಾರು ಕೊಟ್ಟಾರ ಅವಗ? ಮನಿ ಗಡಗ್ಯಾಗಿನ ನೀರು ಕೊಟ್ಟೆ. ಪಟಕದ ಕಲ್ಲು ತಿರುವಿ, ರಾಡಿ ತಳಕ್ಕ ಕೂತ ಮ್ಯಾಲೆ ಎರಡು ಮಡಿಕಿ ಅರಿವ್ಯಾಗ ಸೋಸಿಟ್ಟಿದ್ದೆ, ಅದನ್ನ.”

“ಯವ್ವಾ!”

“ಏನ್ ಯವ್ವಾ? ನಮ್ಮ ಓಣ್ಯಾಗ ಆಫೀಸಿನೋರು ಯಾರರ ಒಂದು ಗುಟುಕು ನೀರು ಮುಟ್ಯಾರೇನ? ನಾ ಕಂಡಂಗ ಇವನ ಮೊದಲ್ನೇದವ, ಬಾಯಿ ಬಿಟ್ಟು ನೀರು ಕೇಳಿದಾಂವ. ಅಂಥವಗ ಆ ರಾಡಿ ಕೊಡ್ಲೇನ?”

ಶೋಭಾರಾಣಿಗೆ ಸಿಟ್ಟೂ ಬಂತು, ಅಳುವೂ ಬಂತು. ತಾಯಿಯ ಮೊಣಕಾಲಿಗೆ ಹಣೆ ಹಚ್ಚಿ ಸುಮ್ಮನೆ ಅತ್ತುಬಿಟ್ಟಳು. ಬೈಯುವುದಾದರೂ ಯಾರನ್ನು?

ಸಂಜೆ ಅವನಿಗೆ ಫೋನು ಮಾಡಿ ಎಲ್ಲ ಹೇಳಿದಳು.

“ನಾ ಯಾರ ಮುಂದನೂ ಹೇಳಂಗಿಲ್ಲ ಬಿಡ್ರಿ,” ಎಂದಳು. “ನೀವ ತುಂಬೀನಿ ಅಂತ ಸಹಿ ಮಾಡೀರಿ. ಗೊತ್ತಾದ್ರ ನಿಮ್ಮ ನೌಕರಿಗೆ ಕುತ್ತು ಬರ್ತೈತಿ.”

“ಕೇಸು?”

“ಹೋದ್ರ ಹೋಗ್ಲಿ.”

ಅವನು ಫೋನು ಇಟ್ಟ. ಮರುದಿನ ಆರಕ್ಕೆ ಅವನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವಳು ಮಾಡಿದರೆ ಎತ್ತಲಿಲ್ಲ. ಹೋದ್ರ ಹೋಗ್ಲಿ ಎಂದವಳು ತಾನೇ, ಆದರೂ ಅವನು ಅಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ ಎಂಬ ಸಂಕಟ. ಮಕ್ಕಳ ಬೆನ್ನಿಗೆ ಮುಲಾಮು ಹಚ್ಚುತ್ತಾ ಅದನ್ನೇ ನೆನೆಯುತ್ತಿದ್ದಳು. ಈ ಮಕ್ಕಳ ನೀರನ್ನು ತಾನು ಒಬ್ಬ ಗಂಡಸಿಗಾಗಿ ಬಿಟ್ಟುಕೊಟ್ಟೆ, ಆ ಗಂಡಸು ತಿರುಗಿಯೂ ನೋಡಲಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ತಾಯಿಗೂ ಹೇಳಲಿಲ್ಲ.

ಅವಳ ವಕೀಲರು ಶಫೀಸಾಬ. ಅನುಭವಿ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ವಿಚಾರಣೆಯ ದಿನ ಬೆಳಿಗ್ಗೆ ಕೇಳಿದರು.

“ಖರೆ ಹೇಳವಾ ತಂಗಿ. ನೀರು ತುಂಬಿದ್ದು ಯಾರು? ಅದೊಂದು ತಪ್ಪೈತಿ ಅಂತ ತೋರ್ಸಿದ್ರ ಮತ್ತೊಮ್ಮೆ ಪರೀಕ್ಷಾ ಮಾಡಸಬಹುದು. ಇಲ್ಲಾಂದ್ರ ಇವತ್ತ ಮುಗೀತು.”

“ನಾ ನೋಡ್ಲಿಲ್ರಿ,” ಎಂದಳು ಶೋಭಾರಾಣಿ.

ಸಿದ್ದಲಿಂಗೇಶ ಸಾಕ್ಷಿಕಟ್ಟೆ ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ಆದರೆ ಮುಖ ಸೊರಗಿತ್ತು. ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಕಂಪನಿಯ ವಕೀಲರು ಶಾಸ್ತ್ರಕ್ಕೆಂಬಂತೆ ಕೇಳಿದರು, “ಈ ಸಹಿ ನಿಮ್ಮದೇ. ನೀರು ನೀವೇ ಖುದ್ದಾಗಿ ತುಂಬಿದ್ರಿ. ಹೌದೋ?”

“ಸಹಿ ನಂದ್ರಿ. ನೀರು ನಾ ತುಂಬಿಲ್ಲ.”

ಕ್ಯಾನುಗಳಲ್ಲಿ ಇದ್ದದ್ದು ಕೆರೆಯ ನೀರೇ ಅಲ್ಲ, ಮನೆಯಲ್ಲಿ ಪಟಕ ಹಾಕಿ ಸೋಸಿಟ್ಟ ನೀರು ಎಂದು ಅವನು ಒಂದೊಂದಾಗಿ ಹೇಳಿದ.

“ಅದನ್ನ ತುಂಬುವಾಗ ನೀವು ಎಲ್ಲಿದ್ದಿರಿ?” ವಕೀಲರ ದನಿ ಏರಿತು.

“ಬೇವಿನ ಗಿಡದ ಬುಡಕ.”

“ಏನು ಮಾಡ್ತಿದ್ದಿರಿ?”

“ಶೋಭಾರಾಣಿಯವರು ನಗೋದನ್ನ ನೋಡ್ತಿದ್ದೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ.

“ತಪ್ಪು ನಂದ್ರಿ,” ಎಂದು ಅವನು ನ್ಯಾಯಾಧೀಶರ ಕಡೆ ತಿರುಗಿದ. “ಅವರದಲ್ಲ, ಅವರ ತಾಯೀದೂ ಅಲ್ಲ. ಇದು ಗೊತ್ತಾದ ಮ್ಯಾಲೆ ನಾ ಅವರ ಜೋಡಿ ಒಂದು ಮಾತೂ ಆಡಿಲ್ಲ. ಬೇಕಾದ್ರ ಫೋನ್ ತಪಾಸ ಮಾಡ್ರಿ.”

ಆವತ್ತೇ ಆದೇಶವಾಯಿತು. ಎರಡೂ ಕಡೆಯವರ ಎದುರು ಕೆರೆಯಿಂದಲೇ ಹೊಸದಾಗಿ ನೀರು ತೆಗೆಯಬೇಕು. ಅಲ್ಲಿಯವರೆಗೆ ರನ್‌ವೇ ಕೆಲಸ ಬಂದ್.

ಹೊರಗೆ ವರಾಂಡದಲ್ಲಿ ಶೋಭಾರಾಣಿ ಅವನನ್ನು ಅಡ್ಡಗಟ್ಟಿದಳು. ಕಣ್ಣು ಕೆಂಪಾಗಿದ್ದವು.

“ಯಾಕ ಹೇಳಿದ್ರಿ? ನಾ ಬಾಯಿ ಮುಚ್ಕೊಂಡಿದ್ನಲ್ಲ!”

“ನೀವು ಮುಚ್ಕೊಂಡ್ರಿ ಅಂತನ ಹೇಳಿದೆ.”

“ಒಂದು ತಿಂಗಳು ಫೋನ್ ಎತ್ತಲಿಲ್ಲ. ಸತ್ತೀನೋ ಬದುಕೀನೋ ಕೇಳಲಿಲ್ಲ.”

“ಎತ್ತಿದ್ರ, ಇವರಿಬ್ರೂ ಕೂಡಿ ಕಥಿ ಕಟ್ಯಾರ ಅಂತಿದ್ರು. ನನ್ನ ಮಾತಿಗೆ ಬೆಲಿ ಇರ್ತಿರಲಿಲ್ಲ.” ಅವನ ದನಿ ಒಡೆಯಿತು. “ದಿನಾ ಆರಕ್ಕ ಫೋನ್ ಮುಂದಿಟ್ಕೊಂಡು ಕೂಡ್ತಿದ್ದೆ. ಅದು ಬಡಕೋತಿತ್ತು, ನಾ ನೋಡ್ಕೋತ ಕುಂದರ್ತಿದ್ದೆ.”

ಹತ್ತು ದಿನಕ್ಕೆ ಅವನ ಅಮಾನತಿನ ಕಾಗದ ಬಂತು. ಸಸ್ಪೆಂಡ್ ಮಾಡಿದ್ದಷ್ಟೇ ಅಲ್ಲ, ವಿಚಾರಣೆ ಮುಗಿಯುವ ತನಕ ಯಾದಗಿರಿಯಲ್ಲೇ ಇರಬೇಕು, ಅಪ್ಪಣೆಯಿಲ್ಲದೆ ಊರು ಬಿಡುವ ಹಾಗಿಲ್ಲ. ಇವಳೋ, ಹೊಸ ಪರೀಕ್ಷೆ ಆಗುವ ತನಕ ಕೆರೆ ಬಿಟ್ಟು ಬೇರೆ ಊರಲ್ಲಿ ನೆಲೆಸುವ ಹಾಗಿಲ್ಲ.

ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಅವನು ಒಂದು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ನಿಂತಿದ್ದ.

“ಯಾದಗಿರಿ ಭಾಳ ದೂರ ಆತ್ರಿ ಟೀಚರ್.”

“ನಿಮಗ ದೂರ. ಹೆಣ್ಮಕ್ಕಳಿಗೆ ಬಸ್ಸು ಫ್ರೀ ಐತಿ, ಗೊತ್ತಿಲ್ಲೇನು? ಆಧಾರ್ ಕಾರ್ಡ್ ಒಂದಿದ್ರ ಆತು, ಐತವಾರಕ್ಕೊಮ್ಮೆ ಬರ್ತೀನಿ.”

ಅವನು ನಗಲು ಹೋದ, ಆಗಲಿಲ್ಲ. “ಹಂಗ ಎಷ್ಟು ದಿನ ಬರ್ತೀರಿ?”

“ನೀವು ಸಾಕು ಅನ್ನೋತನಕ.”

“ನಾ ಅನ್ನಂಗಿಲ್ಲ.”

“ಹಂಗಾದ್ರ ಸರಕಾರಕ್ಕ ಲುಕ್ಸಾನು,” ಎಂದು ಅವನಿಗಿಂತ ಮೊದಲು ತಾನೇ ಬಸ್ಸು ಹತ್ತಿದಳು. “ಕುಷ್ಟಗಿತನಕಾ ಬರ್ತೀನಿ. ಲಗೂನ ಹತ್ರಿ.”

ಕುಷ್ಟಗಿಯ ತನಕ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅವಳ ಕೈ ಅವನ ಕೈಯಲ್ಲಿತ್ತು, ಬಸ್ಸಿನವರೆಲ್ಲ ನೋಡುತ್ತಿದ್ದರು, ಅವಳು ಬಿಡಿಸಿಕೊಳ್ಳಲಿಲ್ಲ.

ಅಲ್ಲಿ ಇಳಿದಳು. ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಲೇ ಹೋದ, ಕಂಡಕ್ಟರ್ ಬೈದರೂ ಒಳಗೆ ಸರಿಯಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಹತ್ತು ವರ್ಷ ಒಬ್ಬಳೇ ಬದುಕಿದವಳಿಗೆ ಆ ಗದ್ದಲದ ನಿಲ್ದಾಣದಲ್ಲಿ ನಿಂತು, ಈಗ ಒಬ್ಬಳೇ ಆದೆ ಎಂದು ಮೊದಲ ಸಲ ಅನಿಸಿತು.

ಕೊಪ್ಪಳದ ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಕೂತು, ಐತವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಚಿದಳು.